ಫ್ಯಾನಿಲ್ಲದ ಕಾರ್ಡಿನ ಪರೀಕ್ಷೆ

ನನ್ನ ಯಜಮಾನರು ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಕೊಡೆ ಕೊಂಡರೆ ಬಚ್ಚಲಲ್ಲಿ ಷವರ್ ಬಿಟ್ಟು ಅದರಡಿ ಹತ್ತು ನಿಮಿಷ ನಿಲ್ಲುತ್ತಾರೆ. ಮದುವೆಗೆ ಮುಂಚೆ ಮೊದಲ ಸಲ ಸಿಕ್ಕಾಗ ನನ್ನ ಕೈಗೂ ಪತ್ರಿಕೆಯೊಂದನ್ನು ಕೊಟ್ಟು, ಒಂದು ಪುಟ ಗಟ್ಟಿಯಾಗಿ ಓದಿಸಿ, ಗಡಿಯಾರ ನೋಡುತ್ತಾ ಕೂತಿದ್ದರು. ಪಾಸಾದೆ. ಮನೆಮಂದಿಯೆಲ್ಲ ಅವರನ್ನು ಪರೀಕ್ಷಕರು ಎಂದೇ ಕರೆಯುವುದು.

ಇನ್ನೂ ಕಟ್ಟದ ಮನೆಗಳ ಚಿತ್ರ ತಯಾರಿಸುವುದು ಅವರ ಕಸುಬು. ಅವರು ಗೆರೆ ಎಳೆದು ಎದ್ದರೆ, ಬಣ್ಣ, ಬಿಸಿಲು, ನೆರಳನ್ನೆಲ್ಲ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಗಂಟೆಗಟ್ಟಲೆ ಕೂತು ತುಂಬುತ್ತದೆ. ಅಷ್ಟು ಹೊತ್ತೂ ಅದರ ಫ್ಯಾನು ಗುಂಯ್‌ಗುಡುತ್ತದೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ, ಮೈಕಿನ ಮುಂದೆ, ಆಡಿಯೋ ಪುಸ್ತಕಗಳಿಗೆ ದನಿ ಕೊಡುವ ನಾನು. ಹಿಂದೆ ಏನೋ ಗುಂಯ್ ಅನ್ನುತ್ತಿದೆಯೆಂದು ಪ್ರಕಾಶಕರು ನನ್ನ ಓದನ್ನು ಎರಡು ಸಲ ವಾಪಸ್ ಕಳಿಸಿದ್ದರು. ಮೂರನೆಯ ಸಲವೂ ಹೀಗಾದರೆ ಪುಸ್ತಕ ಬೇರೆಯವರ ಪಾಲು ಎಂದಿದ್ದರು. ನನಗೆ ನಿಜಕ್ಕೂ ಅಳು ಬಂದಿತ್ತು.

ಆಗ ಯಜಮಾನರು ಫ್ಯಾನೇ ಇಲ್ಲದ ಕಾರ್ಡೊಂದನ್ನು ತಂದರು. ಅದರ ಮೈತುಂಬ ಲೋಹದ ತೆಳು ಪಟ್ಟಿಗಳು; ಬಿಸಿ ಅವುಗಳಿಂದ ತಾನಾಗಿಯೇ ಗಾಳಿಗೆ ಸೇರಬೇಕು. ಒಪ್ಪಿಗೆಯಾಗದಿದ್ದರೆ ನಾಲ್ಕು ದಿನದೊಳಗೆ ಅಂಗಡಿಗೆ ಹಿಂತಿರುಗಿಸಬಹುದಿತ್ತು. ಪರೀಕ್ಷಕರ ಕಾಲು ನೆಲದ ಮೇಲಿರಲಿಲ್ಲ. ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು, ಕಾರ್ಡನ್ನು ಚಿತ್ರ ತುಂಬಲು ಹಚ್ಚಿ, ಸದ್ದು ಅಳೆಯುವ ಯಂತ್ರವಿಟ್ಟು, ನಮ್ಮ ಉಸಿರೂ ಅದರೊಳಗೆ ಸೇರಬಾರದೆಂದು ಅತ್ತೆಯನ್ನೂ ನನ್ನನ್ನೂ ಹೊರಗಟ್ಟಿ, ತಾವೂ ಬಂದು ಬಾಗಿಲು ಎಳೆದರು.

ಎರಡು ಗಂಟೆಯ ನಂತರ ನೋಡಿದರೆ ಸದ್ದು ಇಲ್ಲವೆನ್ನುವಷ್ಟು, ಬಿಸಿ ಅರವತ್ತೆರಡು ಡಿಗ್ರಿ. ತೊಂಬತ್ತು ದಾಟಿದರೆ ಕಾರ್ಡು ಕೈಕೊಡುತ್ತದಂತೆ. ಮರುದಿನವೂ ಅರವತ್ತೆರಡರ ಆಸುಪಾಸು. ಯಜಮಾನರು ಮೀಸೆಯಲ್ಲೇ ನಕ್ಕರು. ಮೂರನೆಯ ದಿನ ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಅವತ್ತು ಬಿಸಿ ತೊಂಬತ್ಮೂರಕ್ಕೇರಿ ಕಂಪ್ಯೂಟರು ಆರಿಹೋಯಿತು. ಯಜಮಾನರು ತಂತಿ ಬದಲಿಸಿದರು, ಕಿಟಕಿ ತೆರೆದರು, ಫೋನಿನಲ್ಲಿ ಅಂಗಡಿಯವನ ತಲೆ ತಿಂದರು, ಕೊನೆಗೆ ತಲೆಯ ಮೇಲೆ ಕೈಹೊತ್ತು ಕೂತರು. ಸಂಜೆ ಮನೆಗೆ ಬಂದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ಒರೆಸುತ್ತಾ ಹೇಳಿದರು:

“ಇವತ್ತು ನಾನಿರ್ಲಿಲ್ವಲ್ಲ. ಅದಕ್ಕೆ ಗಾಳಿ ಹಾಕೋರು ಯಾರು?”

ಹಿಂದಿನ ಎರಡೂ ದಿನ ಅಡುಗೆಮನೆಯ ಕಡೆಯ ಬಾಗಿಲಿನಿಂದ ಒಳಹೊಕ್ಕು, ಕಾರ್ಡು ಬಂದ ಪೆಟ್ಟಿಗೆಯ ರಟ್ಟಿನಿಂದಲೇ ಸದ್ದಿಲ್ಲದೆ ಬೀಸಿದ್ದರಂತೆ. ಕಾರ್ಡು ಮುಟ್ಟಿದರೆ ಕೆಂಡದ ಹಾಗಿತ್ತಂತೆ. ಪಾಪ, ಅದಕ್ಕೊಂದು ಫ್ಯಾನೂ ಇಲ್ಲವಲ್ಲ ಎಂದು ಮರುಗಿದರಂತೆ. ಮಗನಿಗೆ ಹೇಳಿದರೆ ಮತ್ತೆ ಹೊರಗಟ್ಟುತ್ತಾನೆಂದು ಬಾಯಿ ಬಿಡಲಿಲ್ಲವಂತೆ.

ನಾನು ಬಿದ್ದು ಬಿದ್ದು ನಕ್ಕೆ. ನಕ್ಕು ಮುಗಿದ ಮೇಲೆ ನೆನಪಾಯಿತು. ಮೈಕು ಬಂದಾಗಿನಿಂದ ಆ ಕೋಣೆಗೆ ಬರಬೇಡಿ, ಅಲ್ಲಿ ಕೆಮ್ಮಬೇಡಿ ಎಂದು ಅವರನ್ನು ದೂರವಿಟ್ಟವಳು ನಾನೇ.

“ನಾಳೆ ನಾನು ಓದೋವಾಗ ಬಂದು ಕೂತ್ಕೊಳ್ಳಿ ಅತ್ತೆ,” ಎಂದೆ. “ಕೆಮ್ಮು ಬಂದ್ರೆ ಕೈ ಎತ್ತಿ, ನಿಲ್ಲಿಸ್ತೀನಿ.”

ನಾಲ್ಕನೆಯ ದಿನ ಕಾರ್ಡು ಮೂರು ಗಂಟೆ ಚಿತ್ರ ತುಂಬಿತು, ನಾನು ಮೂರು ಗಂಟೆ ಓದಿದೆ, ಅತ್ತೆ ರಟ್ಟು ಬೀಸಿದರು. ಒಂದು ಸಲವೂ ಕೈ ಎತ್ತಲಿಲ್ಲ. ಸಂಜೆಯೊಳಗೆ ಪ್ರಕಾಶಕರ ಒಪ್ಪಿಗೆ ಬಂತು. ನಾನು ಅತ್ತೆಯನ್ನು ತಬ್ಬಿಕೊಂಡೆ.

ಯಜಮಾನರು ಮಾತ್ರ ಮುಖ ಗಂಟಿಕ್ಕಿಕೊಂಡು ನಿಮಿಷ ನಿಮಿಷದ ಡಿಗ್ರಿ ನೋಡುತ್ತಿದ್ದರು. ಉದ್ದಕ್ಕೂ ಅರವತ್ತೆರಡಿದ್ದದ್ದು ಒಂದು ಕಡೆ ಎಂಬತ್ತೊಂಬತ್ತಕ್ಕೆ ಹಾರಿತ್ತು. ಆ ಹೊತ್ತಿಗೆ ನಾನು ಓದುತ್ತಿದ್ದುದು ಯಾವ ಪುಟವೆಂದು ಹುಡುಕಿದೆವು. ಕಥೆಯ ಮುದುಕಿ ಮೂವತ್ತು ವರ್ಷದ ಹಿಂದೆ ಕಳೆದುಹೋದ ತಂಗಿಯನ್ನು ರೈಲಿನಲ್ಲಿ ಗುರುತು ಹಿಡಿಯುವ ಪುಟ.

“ಆಗ ಬೀಸೋದು ಯಾರಿಗೆ ನೆನಪಿರತ್ತೆ?” ಎಂದರು ಅತ್ತೆ.

ಯಜಮಾನರು ಅಂಗಡಿಗೆ ಕಾರ್ಡು ಕೊಡಲು ಹೋಗಲಿಲ್ಲ. ತಮ್ಮ ಪರೀಕ್ಷೆಯ ಪುಸ್ತಕ ತೆರೆದು, ಕಾರ್ಡು ಫೇಲು ಎಂದು ಬರೆದರು. ಅದರ ಕೆಳಗೆ ನನ್ನ ಹೆಸರು ಬರೆದು, ಮುಂದೆ ಎಂಬತ್ತೊಂಬತ್ತು ಅಂಕ ಹಾಕಿದರು.