ವಿಮಾನ ತಡವಾಗಿರಲಿಲ್ಲ

ಪ್ರಣಮ್ಯಾ, ತನುಷ್ — ನಾನು ಮೊದಲ ಸಲ ಜರ್ಮನಿಗೆ ಬಂದ ದಿನ ವಿಮಾನ ತಡವಾಗಿರಲಿಲ್ಲ. ಹೇಳಿದ ಹೊತ್ತಿಗೇ ಇಳಿದಿತ್ತು. ತಡವಾಯಿತೆಂದು ನಿಮ್ಮ ಅಜ್ಜನಿಗೆ ಸುಳ್ಳು ಹೇಳಿದವಳು ನಾನು. ಅವರು ಕೊನೆಯವರೆಗೂ ಅದನ್ನು ನಂಬಿದರು. ನಂಬಿದ್ದು ಮಾತ್ರವಲ್ಲ, ಬೆಳ್ಳಾರೆ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ನಿಮಗೂ ಹೇಳಿದರು. ಹೋದ ರಜೆಯಲ್ಲಿ ಬಂದಾಗ, ಪ್ರಣಮ್ಯಾ, ಅಜ್ಜಿಯ ವಿಮಾನ ತಡವಾದ ಕಥೆಯನ್ನು ಶಾಲೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ ಎಂದು ನೀನು ಹೇಳಿದೆ. ನಾನು ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ.

ನಾಲ್ಕು ಜನರ ಎದುರು ನನಗೆ ಮಾತು ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದರಿಂದ ಬರೆಯುವುದಕ್ಕೆ ಅಷ್ಟು ಹೆದರಿಕೆ ಇಲ್ಲ. ಓದುವುದಕ್ಕೆ ನೀವೂ ಇದ್ದೀರಿ. ಅಷ್ಟು ದೂರದ ದೇಶದಲ್ಲಿ ಕೂತು ನಿಮ್ಮ ಅಮ್ಮ ನಿಮಗೆ ಕನ್ನಡ ಅಕ್ಷರ ಕಲಿಸಿದ್ದಾಳೆ, ಅದನ್ನು ನೆನೆದರೆ ನನಗೆ ಎಷ್ಟು ಹೆಮ್ಮೆ ಎಂದು — ಇರಲಿ, ವಿಷಯಕ್ಕೆ ಬರುತ್ತೇನೆ.

ನಿಮ್ಮ ಅಜ್ಜ ಪುತ್ತೂರು, ಬೆಳ್ಳಾರೆ, ಸುಳ್ಯದ ದಾರಿಯಲ್ಲಿ ಬಸ್ಸು ಓಡಿಸಿದವರು. ಊರಿಗೆಲ್ಲ ಅವರು ಡ್ರೈವರಣ್ಣ. ಕುಂಬ್ರದಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಯಾವ ಒಳದಾರಿಯಲ್ಲಿ ಸುತ್ತಬೇಕು, ಸುತ್ತಿದರೆ ಎಷ್ಟು ಹೊತ್ತು ಹೆಚ್ಚು ಬೇಕು — ಸ್ಟೇರಿಂಗ್ ಹಿಡಿದ ಹಾಗೆಯೇ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವರ ಹಿಂದಿನ ಸೀಟಿನಲ್ಲಿ ಕೂತು ಹೋಗುವಾಗ, ಇವರು ನನ್ನ ಗಂಡ ಎಂದು ಇಡೀ ಬಸ್ಸಿಗೆ ಗೊತ್ತಾಗಲಿ ಎಂದು ನನಗೆ ಆಸೆಯಾಗುತ್ತಿತ್ತು. ಆದರೆ ತಲೆ ತಗ್ಗಿಸಿಯೇ ಕೂತಿರುತ್ತಿದ್ದೆ.

ನಡುವೆ ಕೆಲವು ಸಮಯ ಅವರು ಬೆಂಗಳೂರಿನ ರಾತ್ರಿ ಬಸ್ಸು ಓಡಿಸಿದ್ದರು. ಶಿರಾಡಿ ಘಾಟಿಯಲ್ಲಿ ಅವರ ಜೊತೆಯ ಡ್ರೈವರನೊಬ್ಬನಿಗೆ ಕಣ್ಣು ಮುಚ್ಚಿ ಬಸ್ಸು ತೋಡಿಗೆ ಬಿತ್ತು. ಅವನು ಉಳಿಯಲಿಲ್ಲ. ಅಂದಿನಿಂದ ಇವರು ರಾತ್ರಿ ಬಸ್ಸು ಓಡಿಸುವುದನ್ನು ಬಿಟ್ಟರು. ಒಂದೇ ಸಮನೆ ಆರು ಗಂಟೆಗಿಂತ ಹೆಚ್ಚು ಹೊತ್ತು ಒಬ್ಬ ಡ್ರೈವರ್ ಕೂರಬಾರದು ಎಂಬ ಮಾತೂ ಅಂದಿನಿಂದಲೇ ಬಂತು. ಅದರ ಮೇಲೆ ನಮ್ಮ ಮನೆಯಲ್ಲಿ ವಾದವಿರಲಿಲ್ಲ.

ನಿಮ್ಮ ಅಮ್ಮ ಜರ್ಮನಿಗೆ ನರ್ಸ್ ಆಗಿ ಹೋಗಿ, ಪ್ರಣಮ್ಯ ಹೊಟ್ಟೆಯಲ್ಲಿದ್ದಾಗ ಬಾಣಂತನಕ್ಕೆ ನಾನಲ್ಲದೆ ಬೇರೆ ಯಾರೂ ಇರಲಿಲ್ಲ. ನಿಮ್ಮ ಅಪ್ಪನ ತಾಯಿ ಆಗಲೇ ತೀರಿಕೊಂಡಿದ್ದರು. "ಅಮ್ಮಾ, ನೀವು ಬರುದಾ ಇಲ್ಲವಾ?" ಎಂದು ಅವಳು ಫೋನಿನಲ್ಲಿ ಕೇಳಿದ ರೀತಿ — ಅದನ್ನು ಬರೆಯಲು ನನಗೆ ಬರುವುದಿಲ್ಲ.

ಅಜ್ಜ ಎರಡು ದಿನ ಯೋಚಿಸಿದರು. ಮೂರನೆಯ ದಿನ ಹೇಳಿದರು: "ಆರು ಗಂಟೆಯ ಒಳಗೆ ಮುಟ್ಟುದಾದರೆ ಹೋಗು. ಅದಕ್ಕಿಂತ ಹೆಚ್ಚು ಹೊತ್ತು ಯಾವ ಡ್ರೈವರನಿಗೂ ಕಣ್ಣು ನಿಲ್ಲುದಿಲ್ಲ. ಮೇಲೆ ಹಾರಿಸುವವನಿಗೂ ಅಷ್ಟೇ."

ಒಂಬತ್ತೂವರೆ ಗಂಟೆ ಬೇಕೆಂದು ಮಗಳು ನನಗೆ ಮೊದಲೇ ಹೇಳಿದ್ದಳು. ನಾನು ಬಾಯಿ ಬಿಡಲಿಲ್ಲ.

ಪುತ್ತೂರಿನ ಟ್ರಾವೆಲ್ಸಿನವರಿಂದ ಟಿಕೆಟ್ ಬಂತು. ಅಜ್ಜ ಕನ್ನಡಕ ಹಾಕಿ ಓದಿದರು. ಬೆಂಗಳೂರು ಬಿಡುವುದು ಬೆಳಿಗ್ಗೆ ಹತ್ತಕ್ಕೆ, ಅಲ್ಲಿ ಮುಟ್ಟುವುದು ಸಂಜೆ ನಾಲ್ಕಕ್ಕೆ. "ಸರಿಯಾಗಿ ಆರು ಗಂಟೆ ಉಂಟು. ಹೋಗು ಮಾರಾಯ್ತಿ" ಎಂದರು. ಅವರ ಮುಖದಲ್ಲಿ ಎಷ್ಟು ನಿರಾಳ. ಅಲ್ಲಿಯ ಗಂಟೆ ಬೇರೆ ಎಂದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ — ಮಗಳಿಗೆ ಫೋನ್ ಮಾಡುವಾಗ ಅಲ್ಲೀಗ ಎಷ್ಟಾಯಿತು ಎಂದು ಅವರೇ ಕೇಳುವವರು. ಆದರೆ ಟಿಕೆಟ್ ಮಾಡಿದ್ದು ಊರಲ್ಲಿ. ಊರಿನ ಟಿಕೆಟಿನಲ್ಲಿ ಬರೆದದ್ದು ಊರಿನ ಗಂಟೆಯೇ ಎಂದು ಅವರು ತಿಳಿದರು. ಬಸ್ಸಿನಲ್ಲಿ ಹಾಗೆಯೇ ಅಲ್ಲವೇ?

ಮುಟ್ಟುವ ಗಂಟೆ ಆ ದೇಶದ್ದು. ಅದು ನಮ್ಮದಕ್ಕಿಂತ ಬೇಸಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಹೋಗಲು ಬಿಡುವುದಿಲ್ಲ — ಅದೂ ಗೊತ್ತಿತ್ತು. ಟಿಕೆಟ್ ಮಡಚಿ ಬ್ಯಾಗಿಗೆ ಹಾಕಿದೆ.

ಮೈದುನ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ವಿಮಾನಕ್ಕೆ ಬಿಟ್ಟ. ಆಮೇಲೆ ನಾನೊಬ್ಬಳೇ. ಅಷ್ಟು ಜನರ ನಡುವೆ ಎಲ್ಲೂ ದಾರಿ ತಪ್ಪದೆ, ಅಳದೆ ಹೋಗಿ ಕೂತೆ. ಇವತ್ತಿಗೂ ಅದು ನನಗೆ ಹೆಮ್ಮೆ. ಸೂರ್ಯನ ಹಿಂದೆಯೇ ಹೋಗುವುದರಿಂದ ಬಿಸಿಲು ಇಳಿಯುವುದೇ ಇಲ್ಲ, ಮಧ್ಯಾಹ್ನ ಮುಗಿಯುವುದೇ ಇಲ್ಲ. ಕೈಗಡಿಯಾರದಲ್ಲಿ ಊರಿನ ಗಂಟೆಯನ್ನೇ ಇಟ್ಟಿದ್ದೆ. ಅದರಲ್ಲಿ ನಾಲ್ಕಾದಾಗ ಕಿಟಕಿಯ ಕೆಳಗೆ ಯಾವುದೋ ದೇಶದ ಬೋಳು ಗುಡ್ಡಗಳಿದ್ದವು. ಈಗ ಅವರು ಫೋನ್ ಕೈಯಲ್ಲಿ ಹಿಡಿದಿರುತ್ತಾರೆ ಎಂದುಕೊಂಡೆ. ಐದಾಯಿತು. ಆರಾಯಿತು. ಗಡಿಯಾರ ಬಿಚ್ಚಿ ಬ್ಯಾಗಿನೊಳಗೆ ಇಟ್ಟೆ — ನೋಡದಿದ್ದರೆ ಹೊತ್ತು ಹೋಗುವುದಿಲ್ಲ ಎನ್ನುವ ಹಾಗೆ.

ಹೊರಗೆ ಬಂದು ಮಗಳ ಫೋನಿನಿಂದ ಮಾತಾಡುವಾಗ ಊರಲ್ಲಿ ರಾತ್ರಿ ಊಟದ ಹೊತ್ತು. ಆ ಕಡೆಯಿಂದ ಅಜ್ಜ ಒಂದೇ ರಿಂಗಿಗೆ ಎತ್ತಿದರು. ಕೇಳಿದರು:

"ಎಂತ ಲೇಟ್ ಮಾರಾಯ್ತಿ..."

"ಹೌದು. ವಿಮಾನ ಲೇಟಾಯ್ತು."

ನಿಮ್ಮ ಅಮ್ಮ ನನ್ನ ಮುಖ ನೋಡಿದಳು. ಟಿಕೆಟಿನ ವಿಷಯದಲ್ಲಿ ನಾನು ಸುಮ್ಮನಿದ್ದೆ ಅಷ್ಟೆ ಎನ್ನಬಹುದು. ಈ ಮಾತು ಮಾತ್ರ ನನ್ನ ಬಾಯಿಂದಲೇ ಬಂದದ್ದು.

ಜರ್ಮನಿಗೆ ಬಂದದ್ದಕ್ಕೆ ನನಗೆ ಬೇಸರವಿಲ್ಲ, ಅದನ್ನೂ ಹೇಳಬೇಕು. ಪ್ರಣಮ್ಯಾ, ನಿನ್ನನ್ನು ಕಾಲಿನ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೊದಲ ನೀರು ಹಾಕಿದ್ದು ಈ ಕೈ. ನೀನು ಅಳಲಿಲ್ಲ. ಕಣ್ಣು ಬಿಟ್ಟು ನೋಡುತ್ತಿದ್ದೆ. ನಿನ್ನ ಅಮ್ಮ ಮೂರು ತಿಂಗಳಲ್ಲಿ ಮೊದಲಿನ ಹಾಗೆ ನೆಟ್ಟಗೆ ನಡೆದು ಕೆಲಸಕ್ಕೆ ತಯಾರಾದಳು. ಹೋಗದೆ ಇದ್ದಿದ್ದರೆ ನಾನು ಬದುಕಿದ್ದೂ ಅರ್ಧವೇ.

ಹಿಂದೆ ಬರುವಾಗ ಇನ್ನೊಂದು ತಪ್ಪು ಮಾಡಿದೆ. ಆ ಟಿಕೆಟಿನಲ್ಲಿ ಅಲ್ಲಿಂದ ರಾತ್ರಿ ಎಂಟಕ್ಕೆ ಹೊರಟು ಬೆಂಗಳೂರಿಗೆ ಬೆಳಿಗ್ಗೆ ಎಂಟಕ್ಕೆ ಎಂದಿತ್ತು. ನಿಜಕ್ಕೂ ಎಂಟೂವರೆ ಗಂಟೆಯ ಹಾದಿ. ಬರುವಾಗ ಗಾಳಿ ಹಿಂದಿನಿಂದ ನೂಕುವುದರಿಂದ ಹೋಗುವಾಗಿನಷ್ಟೂ ಬೇಡ. ಆದರೆ ಅಜ್ಜ ಫೋನಿನಲ್ಲಿ ಎಣಿಸಿ, "ಹನ್ನೆರಡು ಗಂಟೆ! ಅದೂ ನಿದ್ರೆಯ ಹೊತ್ತು" ಎಂದರು. ಆಗಲಾದರೂ ಗಂಟೆಯ ವ್ಯತ್ಯಾಸ ಹೇಳಬಹುದಿತ್ತು. ಹೇಳಿದರೆ ಹೋದ ದಿನದ ಸುಳ್ಳು ಬಿಚ್ಚಿಕೊಳ್ಳುತ್ತದೆ. ವಿಮಾನದಲ್ಲಿ ಇಬ್ಬರು ಡ್ರೈವರುಗಳು ಇರುತ್ತಾರಂತೆ ಎಂದೆ. ಮಗಳಿಂದ ಕೇಳಿದ ಮಾತು, ನಿಜವೇ. ನಿಜವನ್ನೂ ಸುಳ್ಳು ಮುಚ್ಚಲು ಬಳಸಿದೆ.

ಆ ರಾತ್ರಿ ಅವರು ತಾವು ಬಿಟ್ಟಿದ್ದ ಅದೇ ರಾತ್ರಿ ಬಸ್ಸಿನಲ್ಲಿ ಕೂತು, ಘಾಟಿ ಹತ್ತಿ, ಬೆಂಗಳೂರಿಗೆ ಬಂದಿದ್ದರು. ಬೆಳಿಗ್ಗೆ ನಾನು ಹೊರಗೆ ಬರುವಾಗ ಇಸ್ತ್ರಿಯ ಬಿಳಿ ಅಂಗಿ ಹಾಕಿ ಕಂಬಿ ಹಿಡಿದು ನಿಂತಿದ್ದರು. ನನ್ನ ಬ್ಯಾಗ್ ತೆಗೆದುಕೊಂಡರು, ಆದರೆ ಹೊರಡಲಿಲ್ಲ. ನನ್ನ ಹಿಂದೆಯೇ ನೋಡುತ್ತಿದ್ದರು. ಯೂನಿಫಾರ್ಮಿನ ಇಬ್ಬರು ಪೆಟ್ಟಿಗೆ ಎಳೆದುಕೊಂಡು ಬಂದಾಗ ಎದುರು ಹೋಗಿ ಕೈ ಮುಗಿದರು.

"ಹನ್ನೆರಡು ಗಂಟೆ ಓಡಿಸಿದ್ದೀರಿ ಮಾರಾಯ್ರೆ. ನಾನೂ ಡ್ರೈವರನೇ, ನನಗೆ ಗೊತ್ತುಂಟು."

ಅವರಿಗೆ ಕನ್ನಡ ತಿಳಿಯಲಿಲ್ಲ. ಆದರೂ ನಿಂತು, ನಕ್ಕು, ತಿರುಗಿ ಕೈ ಮುಗಿದರು. ಅಜ್ಜನ ಕಣ್ಣು ಒದ್ದೆಯಾಗಿತ್ತು. ಇಂಥವರ ಹೆಂಡತಿ ನಾನು ಎಂದು ಎದೆ ತುಂಬಿತು. ಹನ್ನೆರಡಲ್ಲ, ಎಂಟೂವರೆ ಎನ್ನಲು ನಾಲಿಗೆ ಏಳಲಿಲ್ಲ. ಆಮೇಲೆ ಹೇಳುವ, ಬಸ್ಸಿನಲ್ಲಿ ಹೇಳುವ, ಮನೆಗೆ ಹೋಗಿ ಹೇಳುವ — ಹೀಗೆ ಅಂದುಕೊಂಡೇ ವರ್ಷಗಳು ಹೋದವು. ನೀವು ಊರಿಗೆ ಬರುವಾಗಲೆಲ್ಲ ಗಲ್ಫಿನಲ್ಲಿ ಇಳಿದು ಬೇರೆ ವಿಮಾನದಲ್ಲಿ ಮಂಗಳೂರಿಗೆ ಬರುತ್ತಿದ್ದಿರಿ. ನಡುವೆ ಡ್ರೈವರ್ ಬದಲಾಗುತ್ತಾನೆ ಎಂದು ಅಜ್ಜನಿಗೆ ಸಮಾಧಾನ. ಲೆಕ್ಕ ಮತ್ತೆ ಎದ್ದು ಬರಲೇ ಇಲ್ಲ.

ಅವರು ತೀರಿಕೊಂಡು ಉತ್ತರಕ್ರಿಯೆಯ ದಿನ ಬೆಳ್ಳಾರೆಯ ಹೋಟೆಲಿನ ಪೂವಪ್ಪಣ್ಣ ನನ್ನ ಹತ್ತಿರ ಬಂದು ಕೂತರು. ನಾನು ವಿಮಾನ ಹತ್ತಿದ ದಿನದ ಸಂಜೆ ಅಜ್ಜ ಅವರ ಹೋಟೆಲಿಗೆ ಹೋಗಿ ಟಿ.ವಿ.ಯಲ್ಲಿ ವಾರ್ತೆ ಹಾಕಲು ಹೇಳಿದರಂತೆ. ಕೂರಲಿಲ್ಲವಂತೆ. ಕೊಟ್ಟ ಚಾ ತಣಿದು ಹೋಯಿತಂತೆ. ಎಂತ ಡ್ರೈವರಣ್ಣ ಎಂದು ಕೇಳಿದರೆ, "ವಿಮಾನ ಎಲ್ಲಿಯಾದರೂ ಬಿದ್ದದ್ದುಂಟಾ ನೋಡು" ಎಂದಷ್ಟೇ ಹೇಳಿ, ಫೋನ್ ಬರುವವರೆಗೆ ನಿಂತೇ ಇದ್ದರಂತೆ.

ಅಜ್ಜ ಇದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಎಲ್ಲರಿಗೂ ಹೇಳುವಾಗ ನಗುವ ಕಥೆ ಮಾಡಿ ಹೇಳುತ್ತಿದ್ದರು.

ಈಗ ಸುತ್ತಮುತ್ತಲಿನ ಯಾರ ಮಕ್ಕಳು ಯುರೋಪಿನಿಂದ ಹೊರಟರೂ ನನ್ನನ್ನು ಕೇಳುತ್ತಾರೆ — ಅಕ್ಕ, ಎಷ್ಟು ಹೊತ್ತಿಗೆ ಮುಟ್ಟಬಹುದು? ನಾನು ಎಣಿಸಿ ಹೇಳುತ್ತೇನೆ. ಬೇಸಗೆಯೋ ಚಳಿಗಾಲವೋ, ಹೋಗುವುದೋ ಬರುವುದೋ, ಯುದ್ಧದಿಂದ ಯಾವ ದೇಶದ ಆಕಾಶ ಮುಚ್ಚಿದೆ, ಸುತ್ತಿ ಬಂದರೆ ಎಷ್ಟು ಹೆಚ್ಚು ಬೇಕು. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಯಾರೂ ಸುಮ್ಮನೆ ಹೆದರಿ ಕಾಯಬಾರದು ಎಂದು ಹೊರಗೆ ಬರಲು ಬೇಕಾದ ಹೊತ್ತನ್ನೂ ಸೇರಿಸಿಯೇ ಹೇಳುತ್ತೇನೆ. ಹೇಳಬೇಕಾಗಿದ್ದ ಒಬ್ಬರಿಗೆ ಹೇಳಲಿಲ್ಲ.

ಬರುವ ತಿಂಗಳು ಅಜ್ಜನ ವರ್ಷಾಂತಿಕ. ನೀವು ಬರುತ್ತೀರಿ. ಊಟವಾದ ಮೇಲೆ ಮೈದುನ ಎಂದಿನಂತೆ ಆ ಕಥೆ ಎತ್ತುತ್ತಾನೆ, ಎಲ್ಲರೂ ನಗುತ್ತಾರೆ. ಈ ಸಲ ನಾನು ಎದ್ದು ನಿಂತು ನಿಜ ಹೇಳುವವಳಿದ್ದೇನೆ. ಪೂವಪ್ಪಣ್ಣನಿಗೂ ಬರಲು ಹೇಳಿದ್ದೇನೆ. ನನ್ನ ಸ್ವಭಾವ ನಿಮಗೆ ಗೊತ್ತು — ಎದ್ದು ನಿಂತು ಬಾಯಿ ಕಟ್ಟಿಹೋದರೆ, ಪ್ರಣಮ್ಯಾ, ನೀನು ನನ್ನ ಪಕ್ಕಕ್ಕೆ ಬಂದು ಇದನ್ನು ಗಟ್ಟಿಯಾಗಿ ಓದು. ತನುಷ್, ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೋ. ಓದಿ ಆದ ಮೇಲೂ ಎಸೆಯಬೇಡಿ.