ಕ್ರೇನ್ ಹತ್ತಿದ ತಂಗಿ

ಕಟ್ಟಡದ ಕೆಲಸದವರೆಲ್ಲ ಅವಳನ್ನು ‘ಮೇಲಿನಮ್ಮ’ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಟವರ್ ಕ್ರೇನಿನ ಕಬ್ಬಿಣದ ಏಣಿ ಹತ್ತಿ ಗಾಜಿನ ಗೂಡಿನಲ್ಲಿ ಕುಳಿತರೆ ಊಟಕ್ಕೂ ಇಳಿಯುತ್ತಿರಲಿಲ್ಲ. ಕಾಂಕ್ರೀಟ್ ಬರುವುದು ತಡವಾದರೆ ಕೆಳಗಿನವರು ವಾಕಿಟಾಕಿಯಲ್ಲಿ, “ಮೇಲಿನಮ್ಮ ಕಣ್ಣು ಬಿಡಬೇಕಪ್ಪಾ” ಎಂದು ನಗುತ್ತಿದ್ದರು. ಕಣ್ಣು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಎದೆ ಚುರುಕ್ ಎನ್ನುತ್ತಿತ್ತು.

ಅವಳೂ ಅಕ್ಕನೂ ಕೆಲಸಕ್ಕೆ ಸೇರಿದ ಕಾಲದಲ್ಲಿ ಕ್ರೇನ್ ಎಂದರೆ ಹೆಂಗಸರ ಕತ್ತೇ. ತಲೆಯ ಮೇಲೆ ಸಿಂಬೆ, ಅದರ ಮೇಲೆ ಗಾರೆಯ ಬಾಣಲೆ, ಮಹಡಿಯಿಂದ ಮಹಡಿಗೆ ಹೆಂಗಸರದ್ದೇ ಸಾಲು. ಕಂಬಿಯಂಥ ಭಾರಕ್ಕೆ ಮಾತ್ರ ರಾಟೆ, ಹಗ್ಗ, ಗಂಡಸರ ತೋಳು. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂದು ಕೂಗಿ ಹೇಳುತ್ತಿದ್ದವಳು ಅಕ್ಕ. ಅವಳ ಕೂಗಿಲ್ಲದೆ ಹಗ್ಗ ಮಿಸುಕುತ್ತಿರಲಿಲ್ಲ.

ಒಂದು ದಿನ ಮೋಟಾರಿನಿಂದ ಭಾರ ಎತ್ತುವ ಯಂತ್ರ ಲಾರಿಯಲ್ಲಿ ಬಂದಿಳಿಯಿತು. ಮೇಸ್ತ್ರಿ ತಂಗಿಯನ್ನು ಬದಿಗೆ ಕರೆದ.

“ನಿಮ್ಮಕ್ಕನಿಗೆ ಇದನ್ನ ನಡೆಸೋದು ಕಲಿಸೋಣ ಅಂತಿದೀನಿ. ಮಾಡ್ತಾಳಾ?”

“ಅಯ್ಯೋ, ಅವಳಿಗೆ ದೂರದ್ದು ಸರಿಯಾಗಿ ಕಾಣಲ್ಲ.”

ಸುಳ್ಳು ಬಾಯಿಂದ ಜಾರಿಹೋಯಿತು. ಕಂಕುಳಲ್ಲಿ ಹಾಲು ಕುಡಿಯುವ ಮಗಳಿದ್ದಳು. ಯಂತ್ರ ಬಂದ ಮೇಲೆ ಬಾಣಲೆ ಹೊರುವವರಿಗೆ ಗೇಟಿನ ದಾರಿಯೇ ಗತಿ ಎಂದು ಅವಳಿಗೆ ಗೊತ್ತಿತ್ತು.

“ಹಾಗಾದ್ರೆ ನೀನೇ ಕಲಿ” ಎಂದ ಮೇಸ್ತ್ರಿ.

ನೋಡನೋಡುತ್ತಲೇ ಬಾಣಲೆಯ ಸಾಲು ಕರಗಿತು. ಅಕ್ಕ ಸಿಂಬೆಯ ಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡಳು. “ಹೋಗ್ಲಿ ಬಿಡು, ನಿನಗಾದ್ರೂ ಸಿಕ್ತಲ್ಲ” ಎಂದು ಹೇಳಿ ಕಂಡವರ ಮನೆಯ ಪಾತ್ರೆ ತಿಕ್ಕಲು ಹೋದಳು. ತಂಗಿ ಆ ಯಂತ್ರದಿಂದ ಚಕ್ರದ ಕ್ರೇನಿಗೆ, ಅಲ್ಲಿಂದ ಕಟ್ಟಡದ ಜೊತೆಗೇ ಬೆಳೆಯುವ ಟವರ್ ಕ್ರೇನಿಗೆ ಏರಿದಳು. ಅಕ್ಕನ ಮನೆಗೆ ಹಣ್ಣು, ಬಟ್ಟೆ, ಒಮ್ಮೆ ಫ್ಯಾನನ್ನೂ ಹೊತ್ತುಕೊಂಡು ಹೋದಳು. ಆದರೆ ಅಲ್ಲಿ ಕೂತು ಒಂದು ಲೋಟ ನೀರು ಕುಡಿಯಲೂ ಮನಸ್ಸು ಒಪ್ಪುತ್ತಿರಲಿಲ್ಲ.

ಈಚೆಗೆ ಅಕ್ಕನ ಕೈಯಲ್ಲಿ ಲೋಟ, ತಟ್ಟೆ ಒಂದೊಂದಾಗಿ ಒಡೆಯತೊಡಗಿದವು. ಕೆಲಸದ ಮನೆಯವರು ಬಿಡಿಸಿಬಿಟ್ಟರು. ತನ್ನ ನಾಲಿಗೆಯೇ ಅಕ್ಕನಿಗೆ ತಾಗಿತೆಂದು ತಂಗಿ ಅಂದುಕೊಂಡಳು. ರಜೆ ಹಾಕಿ ಕಣ್ಣಾಸ್ಪತ್ರೆಗೆ ಕರೆದೊಯ್ದಳು.

“ಪೊರೆ ಬಂದಿದೆ. ಯಾವಾಗಿಂದ ಮಂಜುಮಂಜಾಗಿ ಕಾಣ್ತಿದೆ?” ಎಂದು ಡಾಕ್ಟರಮ್ಮ ಕೇಳಿದರು.

ಅಕ್ಕ ನಕ್ಕಳು. “ನನ್ನ ತಂಗೀನೇ ಕೇಳಿ ಡಾಕ್ಟ್ರೇ. ನನಗಿಂತ ಮೊದಲೇ ಅವಳಿಗೆ ಗೊತ್ತಿತ್ತು.”

ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ತಂಗಿ ಕೇಳಿದಳು, “ಮೇಸ್ತ್ರಿ ಹೇಳಿದ್ನಾ?”

“ಅವತ್ತೇ.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ನಿನ್ನ ಮಗು ಮುಖ ನೋಡಿದೆ. ಹಾಗಂತ ಹೊಟ್ಟೆ ಉರೀಲಿಲ್ಲ ಅಂದ್ಕೋಬೇಡ. ಇವತ್ತಿಗೂ ಕ್ರೇನ್ ಕಂಡ್ರೆ ಬೇರೆ ಕಡೆ ತಿರುಗ್ತೀನಿ.”

ತಂಗಿ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು.

“ಸಾಕು, ಎದ್ದೇಳೇ. ಔಷಧಿ ಅಂಗಡಿ ಮುಂದೆ ಜನ ಜಾಸ್ತಿ ಆಗ್ತಿದ್ದಾರೆ” ಎಂದು ಅಕ್ಕ ಗದರಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಈಗ ತಂಗಿಯ ಮನೆಯಲ್ಲಿದ್ದಾಳೆ. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ. ಕೇಳುವ ಬಾಯಿ ತಂಗಿಗೂ ಇಲ್ಲ. ಕೆಲಸಕ್ಕೆ ಹೊರಡುವ ಮೊದಲು ತಂಗಿ ಅಕ್ಕನ ಕಣ್ಣಿಗೆ ಔಷಧಿ ಬಿಡುತ್ತಾಳೆ. ಟನ್ನುಗಟ್ಟಲೆ ಭಾರವನ್ನು ಹೇಳಿದ ಜಾಗಕ್ಕೇ ಇಳಿಸುವ ಕೈ ಆಗ ಗುರಿ ತಪ್ಪುತ್ತದೆ.

“ಕೆನ್ನೆಗೆ ಬಿತ್ತು ಕಣೇ” ಎನ್ನುತ್ತಾಳೆ ಅಕ್ಕ. ತಂಗಿ ಕೆನ್ನೆ ಒರೆಸಿ, ಮತ್ತೊಂದು ಹನಿ ಬಿಡುತ್ತಾಳೆ.