ಹಬ್ಬುವಾಡದವರೆಗೂ ಬಂದ ಆಣೆ

ಆ ದಿನ ತಮ್ಮ ಉದಯ ಅಂಗಳದಲ್ಲಿ ಬಟ್ಟೆ ಒಣಹಾಕಲು ಹೊಸ ಹಗ್ಗ ಕಟ್ಟಿದ. ಹಳೆಯದು ಅವ್ವಿಯ ಒದ್ದೆ ಸೀರೆಯ ಭಾರಕ್ಕೆ ನೆಲ ಮುಟ್ಟುತ್ತಿತ್ತು. ತೆಂಗಿನ ಮರದಿಂದ ನುಗ್ಗೆ ಮರದವರೆಗೆ ನೀಲಿ ನೈಲಾನ್ ಹಗ್ಗ ಎಳೆದು, ದೋಣಿ ಕಟ್ಟುವಾಗ ಹಾಕುವಂಥ ಗಂಟು ಹಾಕಿ, “ಇನ್ನು ಆನೆ ತೊಳ್ದು ಒಣಗ್ಸಿದ್ರೂ ಬೀಳೂದಿಲ್ಲ ನೋಡೇ ಅಕ್ಕಾ” ಎಂದ. ಇಳಿತದ ಹೊತ್ತಿಗೆ ಹೊಳೆಗೆ ಹೋಗಿ ಬಳಚು ಹೆಕ್ಕಿ ತಂದ. ಅವ್ವಿ ಚಿಪ್ಪು ಬಿಡಿಸಿ ಸುಕ್ಕ ಮಾಡಿದಳು. ಮೂವರೂ ಒಟ್ಟಿಗೆ ಕೂತು ಉಂಡೆವು. ನಮ್ಮ ಮನೆಯ ಕೊನೆಯ ಸಾಧಾರಣ ದಿನ ಅದು.

ಮರುದಿನ ಅದೇ ಹಗ್ಗಕ್ಕೆ ಹಾಕಲೆಂದು ಅವನ ಪ್ಯಾಂಟು ಒಗೆಯುವಾಗ ಅವ್ವಿಗೆ ಜೇಬಿನಲ್ಲಿ ಗಾಂಜಾದ ಪೊಟ್ಟಣ ಸಿಕ್ಕಿತು.

ಅಂಕೋಲೆ ಹತ್ತಿರದ ಮಂಜಗುಣಿಯ ಆ ಮನೆಗೆ ಬೀಗ ಹಾಕಿ ನಾನೂ ಅವ್ವಿಯೂ ಕಾರವಾರಕ್ಕೆ ಬಂದು ಎರಡನೇ ಮಳೆಗಾಲ ಕಳೆಯಿತು. ಇದನ್ನು ವಲಸೆ ಎಂದರೆ ದುಬೈಗೆ ಹೋದವರು ನಗುತ್ತಾರೆ. ಅಂಕೋಲೆಯಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ತಲುಪುವ ದಾರಿ. ಆದರೆ ಇಲ್ಲಿನ ಹಬ್ಬುವಾಡದಲ್ಲಿ ಮೊದಲ ಮಧ್ಯಾಹ್ನ ಬಾಗಿಲು ತೆಗೆದಾಗ, ಮನೆಯ ಮಾಲಕಿ ಶೋಭಾಬಾಯಿ “ಜೆವ್ಲೇ ಗೋ?” ಎಂದು ಕೇಳಿದ್ದಕ್ಕೆ ನಾನು ಬಾಡಿಗೆ ಕೇಳುತ್ತಿದ್ದಾರೆಂದು ಹೆದರಿ ನಿಂತೆ. ಊಟವಾಯಿತೇನೆ ಎಂದು ಕೇಳಿದ್ದರು, ಅಷ್ಟೆ. ಇಲ್ಲಿ ಮನೆಯೊಳಗೆ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ನಮ್ಮ ಮುರುಗಲು ಹುಳಿ ಇಲ್ಲಿ ‘ಸೋಲಾಂ’. ಅಲ್ಲಿ ಹೊಳೆಯ ಭರತ ಇಳಿತ ನೋಡಿ ಹೊತ್ತು ತಿಳಿಯುತ್ತಿದ್ದೆವು. ಇಲ್ಲಿ ಕೈಗಾಕ್ಕೆ ಹೋಗುವ ಬಸ್ಸಿನ ಸದ್ದು ಕೇಳಿದರೆ ಅವ್ವಿ ಏಳುತ್ತಾಳೆ. ನಾನು ಒಂದು ಟೈಲರಿಂಗ್ ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತೇನೆ. ಕೊಂಕಣಿಯಲ್ಲಿ ‘ಸಡಿಲ’, ‘ಬಿಗಿ’ ಹೇಳಲು ಬಂದ ದಿನ ಶೋಭಾಬಾಯಿ ನನಗೆ ಒಂದು ಬಟ್ಟಲು ಪಾಯಸ ಕೊಟ್ಟರು.

ಊರು ಬಿಟ್ಟದ್ದು ಕೆಲಸಕ್ಕಾಗಿ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಬೇರೆ. ಅಲ್ಲಿ ನೀರಿಗೆ ಹೋದರೂ, ಮೀನಿಗೆ ಹೋದರೂ ಒಂದೇ ಮಾತು: “ಗಾಂಜಾದಿಂದನೇ ಹೋದದ್ದನಾ ಅಂವ?” ಕೇಳಿ ಕೇಳಿ ನನಗೆ ಸಾಕಾಗಿತ್ತು.

ಉತ್ತರ ಇಷ್ಟೇ. ಉದಯ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗುತ್ತಿದ್ದ. ಜೊತೆಗಾರರೊಂದಿಗೆ ಸೇದಲು ಶುರು ಮಾಡಿದ, ಆಮೇಲೆ ದಿನವೂ ಬೇಕಾಯಿತು. ಪೊಟ್ಟಣ ಸಿಕ್ಕ ವಾರವೇ ಅವ್ವಿ ಹೇಳಿದಳೆಂದು ಸೋದರಮಾವ ಅವನನ್ನು ದೇವರ ಮುಂದೆ ನಿಲ್ಲಿಸಿ, ತೆಂಗಿನಕಾಯಿ ಮುಟ್ಟಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿದ. ಮಾವ ಸಂಜೆ ಕುಡಿಯದೆ ಮನೆಗೆ ಬಂದವನಲ್ಲ. ಆ ದಿನ ಮಾತ್ರ ಸ್ನಾನ ಮಾಡಿ ಬಂದಿದ್ದ. ಕಾಯಿ ಒಡೆದ ಮೇಲೆ “ಮುಗೀತು, ಇನ್ನು ಆ ಮಾತು ಯಾರೂ ಎತ್ತೂಕಾಗ” ಎಂದ.

ಯಾರೂ ಎತ್ತಲಿಲ್ಲ. ನಮ್ಮ ಕಡೆ ಆಣೆಯಾದ ಮೇಲೆ ಮತ್ತೆ ವಿಚಾರಿಸಿದರೆ ದೇವರನ್ನೇ ನಂಬದ ಹಾಗೆ. ಮುರಿದರೆ ಕೇಡು ಮುರಿದವನಿಗಲ್ಲ, ಮನೆಯವರಿಗೆ ಬರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಉದಯ ಕೆಲವು ತಿಂಗಳು ಬಿಟ್ಟ, ಮತ್ತೆ ಹಿಡಿದ. ಆ ಮಳೆಗಾಲ ಅವ್ವಿ ಜ್ವರದಲ್ಲಿ ಮಲಗಿದಳು. “ಅವ್ವಿಗೆ ಬಂದದ್ದು ನನ್ನಿಂದನೇ” ಎಂದು ಅವನು ಒಮ್ಮೆ ನನ್ನ ಹತ್ತಿರ ಹೇಳಿದ. ಪೇಟೆಯ ಗುಳಿಗೆಯಿಂದ ಇಳಿಯುವ ಜ್ವರ ಅದು. ಇಳಿಯಿತು ಕೂಡ. ಅವನ ಹೆದರಿಕೆ ಇಳಿಯಲಿಲ್ಲ. ಹೆದರಿಕೆ ಮರೆಯಲು ಹೆಚ್ಚು ಸೇದಿದ, ಸೇದಿದಷ್ಟೂ ಹೆದರಿದ. ನಿದ್ದೆ ಹೋಯಿತು. ಏನಾದರೂ ಬೆರೆಸಿದ್ದಾಳೆಂಬ ಸಂಶಯಕ್ಕೆ ಅವ್ವಿ ಬಡಿಸಿದ ಅನ್ನವನ್ನು ಮೊದಲು ನಾನು ತಿನ್ನಬೇಕು, ಆಮೇಲೆ ಅವನು. ಬಳಚಿನ ಸುಕ್ಕಕ್ಕೆ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದ ಹುಡುಗ! ಕೊನೆಗೆ ಒಂದು ಮಧ್ಯಾಹ್ನ ಯಾರೋ ಬೆನ್ನು ಹತ್ತಿದ್ದಾರೆಂದು ಬೈಕ್ ತೆಗೆದುಕೊಂಡು ಹೋದವನು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಗುದ್ದಿದ.

ಕಾಗದದಲ್ಲಿ ಅಪಘಾತ ಎಂದಿದೆ. ಅದನ್ನು ಹಿಡಿದು ಒಂದು ಗುಂಪಿನವರು ಹೇಳುತ್ತಾರೆ: “ಗಾಂಜಾದಿಂದ ಸತ್ತವ್ರು ಯಾರಿದ್ದಾರೆ? ಅದು ಬರೀ ಸೊಪ್ಪು.” ಇನ್ನೊಂದು ಗುಂಪಿನವರಿಗೆ ಒಂದೇ ದಮ್ಮಿಗೆ ಮನುಷ್ಯ ಮುಗಿದ. ಇವರಿಬ್ಬರ ನಡುವೆ ನನ್ನ ತಲೆ ಚಿಟ್ಟು ಹಿಡಿದಿದೆ. ಉದಯನ ಪೊಟ್ಟಣದಿಂದಲೇ ಸೇದಿದ ಅವನ ಗೆಳೆಯ ಈಗಲೂ ಟೈಲ್ಸ್ ಹಾಕುತ್ತಾನೆ, ಮದುವೆಯಾಗಿದ್ದಾನೆ, ಎದುರಾದರೆ ಚೆನ್ನಾಗಿ ಮಾತಾಡಿಸುತ್ತಾನೆ. ಹಾಗಾಗಿ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಯಾರಿಗೆ ಆಗುತ್ತದೆಂದು ಮೊದಲೇ ತಿಳಿಯುವ ಉಪಾಯವನ್ನೂ ಯಾರೂ ನನಗೆ ಹೇಳಿಲ್ಲ. ತೂಗಬೇಕಾದದ್ದು ಸತ್ತನೋ ಇಲ್ಲವೋ ಎಂಬುದೊಂದನ್ನೇ ಅಲ್ಲ. ತಾಯಿಯ ಕೈಯ ಅನ್ನಕ್ಕೆ ಹೆದರುತ್ತ ಬದುಕಿದ್ದ ಆ ತಿಂಗಳುಗಳನ್ನು ಯಾವ ತಕ್ಕಡಿಗೆ ಹಾಕುತ್ತಾರೆ ಇವರು?

ಇದನ್ನೆಲ್ಲ ಅಲ್ಲೇ ಬಿಟ್ಟು ಬಂದೆವು ಅಂದುಕೊಂಡಿದ್ದೆ.

ಶೋಭಾಬಾಯಿಯ ಮಗ ರೂಪೇಶ ಗೋವಾದ ಹೋಟೆಲೊಂದರಲ್ಲಿ ಅಡುಗೆಗಿದ್ದ. ಮೊದಲೆಲ್ಲ ರಜೆಗೆ ಬಂದಾಗ ತಾರಸಿಯ ಮೇಲೆ ಸೇದುತ್ತಿದ್ದ. ವಾಸನೆಗೆ ನಾನು ಮುಖ ಸಿಂಡರಿಸಿದರೆ, “ಸಾಧುಗಳು ಸೇದೂದಿಲ್ವಾ ಅಕ್ಕಾ? ನಿಮ್ಮ ಹೊಲಿಗೆ ಮಿಷನ್ನಿನ ಎಣ್ಣೆಗಿಂತ ಒಳ್ಳೇ ವಾಸನೆ” ಎಂದು ನಗಿಸುತ್ತಿದ್ದ. ಈ ಸಲ ಮಳೆ ಮುಗಿದ ಮೇಲೆ ಕೆಲಸ ಬಿಟ್ಟು ಬಂದವನು ನಗಲಿಲ್ಲ. ಕಿಟಕಿ ಮುಚ್ಚಿಕೊಂಡು ಕೂತ. ನೆರೆಮನೆಯವರು ಫೋನಿನಲ್ಲಿ ತನ್ನ ಮಾತು ಹಿಡಿಯುತ್ತಾರೆ ಎಂದ. ಓಣಿಯಲ್ಲಿ ‘ಪಿಸೊ’ ಎಂಬ ಮಾತು ಹುಟ್ಟಿತು. ಹುಚ್ಚ ಎಂದು ಅರ್ಥ. ಆ ಶಬ್ದವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಒಂದು ಬೆಳಿಗ್ಗೆ ಶೋಭಾಬಾಯಿ ನಮ್ಮ ಕೋಣೆಗೆ ಬಂದು ಅವ್ವಿಯ ಮುಂದೆ ಕೂತರು.

“ನಿಮ್ಮ ಊರಿನ ದೇವ್ರು ಭಾಳ ಕಡಕ್ ಅಂತಾರೆ. ರೂಪೇಶನಿಗೆ ಅಲ್ಲಿ ಆಣೆ ಹಾಕ್ಸೂದು ಅಂತ ಮಾಡಿದ್ದೇನೆ. ನೀವೇ ಕರ್ಕೊಂಡು ಹೋಗ್ಬೇಕು ಮಾವ್ಶಿ.”

ನನಗೆ ಸಿಟ್ಟು ನೆತ್ತಿಗೇರಿತು. “ಡಾಕ್ಟರಿಗೆ ತೋರ್ಸಿ ಬಾಯಿ” ಎಂದೆ.

“ಡಾಕ್ಟರಿಗೆ ತೋರ್ಸಿದ್ರೆ ಪಿಸೊ ಅಂತ ಕಾಯಂ ಆಗ್ತದೆ. ನಾಳೆ ಅವನಿಗೆ ಹೆಣ್ಣು ಕೊಡೂದು ಯಾರು, ನೀನಾ?”

“ಈಗ ಕಿಟಕಿ ಮುಚ್ಚಿ ಕೂತವ್ನಿಗೆ ಯಾರು ಕೊಡ್ತಾರೆ?”

“ಬಾಯಿ ಭಾಳಾಯ್ತು ನಿಂದು!” ಎಂದರು ಶೋಭಾಬಾಯಿ.

ಉದಯ ಹೋದ ಮೇಲೆ ಅವನ ಹೆಸರೆತ್ತದ ಅವ್ವಿ ಆಗ ಅಕ್ಕಿ ಆರಿಸುವ ಮೊರ ಕೆಳಗಿಟ್ಟಳು.

“ನಾನೇ ಹಾಕ್ಸಿದ್ದೆ ಆಣೆ, ನನ್ನ ಮಗನ ಹತ್ರ” ಎಂದಳು. “ಆಮೇಲೆ ನಾ ಕೇಳ್ಳಿಲ್ಲ, ಅಂವ ಹೇಳ್ಳಿಲ್ಲ. ದೇವ್ರು ನೋಡ್ಕಂತಾನೆ ಅಂತ ನಾ ಕೂತೆ, ದೇವ್ರು ಕೊಲ್ತಾನೆ ಅಂತ ಅಂವ ಹೆದ್ರಿದ. ಬೇಡ ತಂಗಿ. ಅಂವ ಮತ್ತೆ ಸೇದ್ರೆ ನಿನ್ನ ಹತ್ರ ಬಂದು ಹೇಳೂಹಂಗೆ ಇಟ್ಕ. ದೇವ್ರಿಗೆ ಕಾಯಿ ಬೇಕಾದ್ರೆ ನಾ ಒಡೀತೆ. ನೀ ಡಾಕ್ಟರ ಹತ್ರ ನಡೆ.”

ಶೋಭಾಬಾಯಿ ಎದ್ದು ಹೋದರು. ಆ ವಾರವಿಡೀ “ಜೆವ್ಲೇ ಗೋ?” ಕೇಳಿಸಲಿಲ್ಲ. ಆಮೇಲೆ ಒಂದು ದಿನ ಅಂಗಡಿಗೇ ಬಂದು, “ರಜೆ ಹಾಕು, ಆಸ್ಪತ್ರೆಗೆ ಹೋಗೂದದೆ, ನನಗೆ ಡಾಕ್ಟರ ಕನ್ನಡ ತಿಳಿಯೂದಿಲ್ಲ” ಎಂದರು. ಅವರಿಗೆ ಎಲ್ಲ ಕನ್ನಡವೂ ತಿಳಿಯುತ್ತದೆ.

ಡಾಕ್ಟರು ಬೈಯಲಿಲ್ಲ. ಕೆಲವರ ಮಿದುಳಿಗೆ, ಅದರಲ್ಲೂ ಸಣ್ಣ ವಯಸ್ಸಿನಲ್ಲಿ ಹೆಚ್ಚು ಸೇದಿದವರಿಗೆ, ಹೀಗೆ ಆಗಬಹುದು, ಔಷಧವಿದೆ, ಬಿಡದೆ ಬರಬೇಕು ಎಂದರು. ನಡುವೆ ಮತ್ತೆ ಸೇದಿದರೆ ಮುಚ್ಚಿಡದೆ ಹೇಳು ಎಂದು ರೂಪೇಶನಿಗೆ ಹೇಳಿದರು. ಇಷ್ಟು ಸಣ್ಣ ಮಾತು! ಇದನ್ನು ನಮಗೆ ಯಾರಾದರೂ ಅಂಕೋಲೆಯಲ್ಲೇ ಹೇಳಬಹುದಿತ್ತಲ್ಲ ಎಂದು ಹೊರಗಿನ ಬೆಂಚಿನಲ್ಲಿ ಕೂತು ಹಲ್ಲು ಕಚ್ಚಿದೆ.

ರೂಪೇಶ ಪೂರ್ತಿ ಸರಿಯಾಗಿದ್ದಾನೆ ಎನ್ನಲಾರೆ. ಒಮ್ಮೆ ಸೇದಿ, ತಾಯಿಗೆ ಹೇಳಿ, ಚೆನ್ನಾಗಿ ಬೈಸಿಕೊಂಡ. ಆದರೆ ಹೇಳಿದ. ಕಿಟಕಿ ಅರ್ಧ ತೆರೆದಿದೆ. ನನ್ನ ಮಿಷನ್ನಿನ ಎಣ್ಣೆಯ ವಾಸನೆಯ ಮೇಲೆ ಮತ್ತೆ ತಕರಾರು ಶುರುವಾಗಿದೆ.

ಮೊನ್ನೆ ಮನೆ ಗುಡಿಸಿ ಬರಲು ಊರಿಗೆ ಹೋಗಿದ್ದೆವು. ಅಲ್ಲಿ “ಕಾರವಾರದವ್ರು ಬಂದ್ರು” ಎಂದರು. ಇಲ್ಲಿ ಓಣಿಯವರಿಗೆ ನಾವಿನ್ನೂ ಅಂಕೋಲೆಯವರು. ಅವ್ವಿ ಈಗ ಮುರುಗಲಿಗೆ ಸೋಲಾಂ ಎನ್ನುತ್ತಾಳೆ, ಅಲ್ಲಿನ ಬಾವಿಯ ನೀರಿಗೆ ಮಾತ್ರ ‘ನಮ್ಮ ನೀರು’ ಎನ್ನುತ್ತಾಳೆ. ಮನೆಯ ಚಾದರಗಳನ್ನು ಒಗೆದು ಅಂಗಳದಲ್ಲಿ ಹಾಕಿದೆ. ಒದ್ದೆ ಚಾದರಗಳ ಭಾರಕ್ಕೂ ಆ ನೀಲಿ ಹಗ್ಗ ಜಗ್ಗಲಿಲ್ಲ.

ಸಂಜೆ ಒಣಗಿದ್ದನ್ನು ತೆಗೆದು ಮಡಿಚಿದೆವು. ಅದರಲ್ಲಿ ಉದಯನ ಬಟ್ಟೆ ಒಂದೂ ಇರಲಿಲ್ಲ.